ಹಾಜರಿ ಪುಸ್ತಕ ಯಾರ ಕೈಯಲ್ಲಿ?

ನಾಯಕತ್ವದ ಮಾತು ಈಗ ಎಲ್ಲೆಲ್ಲೂ ಜೋರಾಗಿದೆ. ಕಂಪನಿಗಳು ದೊಡ್ಡ ಹೋಟೆಲುಗಳಲ್ಲಿ ತಮ್ಮ ಮ್ಯಾನೇಜರುಗಳನ್ನು ಕೂರಿಸಿ ನಾಯಕತ್ವದ ಪಾಠ ಹೇಳಿಸುತ್ತವೆ. ಸರ್ಕಾರ ತನ್ನ ಅಧಿಕಾರಿಗಳಿಗೆ ತರಬೇತಿ ಕೊಡಿಸುತ್ತದೆ. ಒಳ್ಳೆಯ ನಾಯಕನಿಗೆ ಏಳು ಗುಣ, ಹತ್ತು ಗುಣ ಅಂತ ಪುಸ್ತಕಗಳು ಅಚ್ಚಾಗುತ್ತವೆ. ಆದರೆ ಬೀದಿ ಗುಡಿಸುವವಳನ್ನೋ, ಹೊಲಿಗೆ ಮಿಷನ್ನಿನ ಮುಂದೆ ಕೂತವಳನ್ನೋ, ಬಿಸಿಯೂಟ ಬೇಯಿಸುವವಳನ್ನೋ ಕರೆದು, ‘ನಿನ್ನ ಮೇಲಿರೋನು ಹೆಂಗವ್ನೆ ತಾಯಿ?’ ಅಂತ ಈ ಪಂಡಿತರು ಕೇಳಿದ್ದನ್ನು ನಾವು ಕಂಡಿಲ್ಲ. ಕುದುರೆ ಸವಾರಿಯ ಬಗ್ಗೆ ಸವಾರರೇ ಕೂತು ಮಾತಾಡಿಕೊಂಡರೆ ಬೆನ್ನ ಮೇಲಿನ ಬಾಸುಂಡೆಯ ಸುದ್ದಿ ಹೊರಗೆ ಬರುವುದು ಹೇಗೆ?

ಆದ್ದರಿಂದ ಈ ಪ್ರಶ್ನೆಯನ್ನು ನಾವು ಕೆಳಗಿನಿಂದ ಎತ್ತುತ್ತೇವೆ. ದುಡಿಯುವ ಜಾಗದಲ್ಲಿ ಒಳ್ಳೆಯ ಯಜಮಾನಿಕೆ ಯಾವುದು, ಕೆಟ್ಟ ಯಜಮಾನಿಕೆ ಯಾವುದು ಅಂತ ಹೇಳಬೇಕಾದವರು ಅದನ್ನು ಹೊತ್ತವರೇ.

ಮೊದಲನೆಯ ಸುಳ್ಳು, ‘ನಾವೆಲ್ಲ ಒಂದೇ ಕುಟುಂಬ’ ಅನ್ನುವುದು. ಈ ಮಾತು ನಮಗೆ ಹೊಸದಲ್ಲ. ನಮ್ಮ ಅಜ್ಜಂದಿರನ್ನು ಜೀತಕ್ಕೆ ಇಟ್ಟುಕೊಂಡ ಧಣಿಗಳೂ ಇದನ್ನೇ ಹೇಳಿದ್ದರು. ‘ಇವ್ನು ಆಳಲ್ಲ ಕಣಯ್ಯಾ, ಮನೆ ಮಗ ಇದ್ದಂಗೆ’ ಅಂದಿದ್ದರು. ಮನೆ ಮಗನಿಗೆ ಹೊಲದಲ್ಲಿ ಪಾಲು ಕೊಟ್ಟರಾ? ನಡುಮನೆಗೆ ಬಿಟ್ಟುಕೊಂಡರಾ? ಮನೆ ಮಗ ಕೊಟ್ಟಿಗೆಯಲ್ಲಿ ಮಲಗಿದ, ಎತ್ತಿ ಹುಯ್ದ ನೀರು ಕುಡಿದ, ಅಪ್ಪ ಮಾಡಿದ ಸಾಲಕ್ಕೆ ತಾನು ದುಡಿದು ಸತ್ತ. 1976ರಲ್ಲಿ ಜೀತ ಪದ್ಧತಿ ರದ್ದತಿಗೆ ಕಾನೂನು ಬಂತು. ಕಾನೂನು ಬಂದದ್ದು ಯಜಮಾನರಲ್ಲಿ ಪ್ರೀತಿ ಕಡಿಮೆಯಾಯಿತು ಅಂತ ಅಲ್ಲ, ಆ ಪ್ರೀತಿಯೇ ಸರಪಳಿ ಅಂತ. ಇವತ್ತು ಫ್ಯಾಕ್ಟರಿಯಲ್ಲಿ, ಕಚೇರಿಯಲ್ಲಿ ಯಾರಾದರೂ ‘ಕುಟುಂಬ’ ಅಂದ ಕೂಡಲೆ ನಾವು ಕೇಳಬೇಕಾದ್ದು ಒಂದೇ: ಹಾಗಾದರೆ ನಮ್ಮ ಪಾಲು ಎಲ್ಲಿ? ಪಾಲು ಇಲ್ಲದ ಕುಟುಂಬದಲ್ಲಿ ಅಪ್ಪ ಅನ್ನಿಸಿಕೊಳ್ಳುವವನು ಅಪ್ಪನಲ್ಲ, ಧಣಿ.

ಎರಡನೆಯದು ಮೇಸ್ತ್ರಿಗಿರಿ. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಜಾಬರ್ ಅಂತ ಒಬ್ಬ ಇರುತ್ತಿದ್ದ. ಆಳುಗಳನ್ನು ತರುವವನೂ ಅವನೇ, ತೆಗೆಯುವವನೂ ಅವನೇ. ಕೆಲಸ ಕೊಡಿಸಿದ್ದಕ್ಕೆ ದಸ್ತೂರಿ ತಿನ್ನುವವನೂ ಅವನೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅದೇ ಕೆಲಸವನ್ನು ಮೇಸ್ತ್ರಿ ಮಾಡಿದ. ಬಯಲುಸೀಮೆಯ ಕೇರಿಗಳಿಗೆ ಬಂದು ಮುಂಗಡ ಕೊಟ್ಟು ಜನರನ್ನು ಗುಡ್ಡ ಹತ್ತಿಸಿದ. ನಗರದ ಕಸದ ಕೆಲಸದಲ್ಲೂ ಮೇಸ್ತ್ರಿ ಇದ್ದಾನೆ. ಬೆಳಗಿನ ಜಾವ ಹೆಂಗಸರು ಹಾಜರಿ ಹಾಕಿಸಲು ನಿಲ್ಲುವುದು ಅವನ ಮುಂದೆಯೇ. ಯಾರಿಗೆ ಯಾವ ಬೀದಿ ಅನ್ನುವುದು ಅವನ ಬಾಯಲ್ಲಿ. ಹತ್ತು ನಿಮಿಷ ತಡವಾದರೆ ಅರ್ಧ ದಿನವೋ ಪೂರ್ತಿ ದಿನವೋ ಅನ್ನುವುದು ಅವನ ಪೆನ್ನಿನಲ್ಲಿ. ಎದುರು ಮಾತಾಡಿದವಳಿಗೆ ನಾಳೆಯಿಂದ ಮಾರ್ಕೆಟ್ಟಿನ ಹಿಂಬದಿಯ ಗಲೀಜು ಗಲ್ಲಿ.

ಈ ಮೇಸ್ತ್ರಿ ಎಷ್ಟೋ ಕಡೆ ನಮ್ಮವನೇ. ನಮ್ಮ ಕೇರಿಯವನು, ನಮ್ಮ ನೆಂಟ, ಮಾತಾಡುವ ಮಾತೂ ನಮ್ಮದೇ. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಕಾವನ್ನು ಬೈದು ಕೂತರೆ ಪ್ರಯೋಜನವಿಲ್ಲ. ಕಬ್ಬಿಣ ಯಾರದು, ಬೀಸುವ ಕೈ ಯಾರದು ಅಂತಲೂ ನೋಡಬೇಕು. ವ್ಯವಸ್ಥೆ ನಮ್ಮೊಳಗಿಂದ ಒಬ್ಬನನ್ನು ಮೇಲೆತ್ತುವಾಗ ಅವನ ಬುದ್ಧಿ, ಅವನ ಕೆಲಸ ನೋಡುವುದಿಲ್ಲ. ತನ್ನವರ ಮೇಲೆ ಎಷ್ಟು ಜೋರಾಗಿ ಕೂಗಬಲ್ಲ ಅಂತ ನೋಡುತ್ತದೆ. ಮೇಲಿನವರ ಮುಂದೆ ಕೈಕಟ್ಟಿ, ಕೆಳಗಿನವರ ಮುಂದೆ ಕೈಯೆತ್ತುವವನೇ ಅದರ ಕಣ್ಣಿಗೆ ‘ಸಮರ್ಥ’. ‘ನಮ್ಮೋನೊಬ್ಬ ಮೇಲೆ ಬಂದವ್ನೆ, ಸುಮ್ಕಿರಿ’ ಅನ್ನುವವರಿಗೆ ನಾವು ಹೇಳುವುದಿಷ್ಟು: ಒಬ್ಬ ಮೇಲೆ ಬಂದದ್ದು ನಮಗೆ ಸಂತೋಷ. ಏಣಿಯನ್ನು ಮೇಲಕ್ಕೆ ಎಳೆದುಕೊಂಡನೋ, ಕೆಳಗೇ ಬಿಟ್ಟನೋ ಅಂತ ನೋಡಿ ಆಮೇಲೆ ಹಾರ ಹಾಕುತ್ತೇವೆ.

ಹಾಗಾದರೆ ಕೆಟ್ಟ ನಾಯಕತ್ವದ ಗುರುತು ಏನು? ಬಯ್ಯುವುದು ಮಾತ್ರವೇ? ಅಲ್ಲ. ನಗುನಗುತ್ತಾ ಕೊಲ್ಲುವವರೂ ಇದ್ದಾರೆ. ಹೆಸರು, ಬಡ್ತಿ, ಬಹುಮಾನ ಮೇಲಕ್ಕೆ ಹೋಗಿ, ಅಪಾಯ, ಕೊಳಕು, ಸಾವು ಕೆಳಕ್ಕೆ ಬರುವುದೇ ಅದರ ಮೊದಲ ಗುರುತು. ಮ್ಯಾನ್‌ಹೋಲನ್ನು ನೋಡಿ. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಕಾನೂನಾಯಿತು. 2013ರಲ್ಲಿ ಇನ್ನೊಂದು ಕಾನೂನು ಬಂದು, ರಕ್ಷಣಾ ಸಾಧನವಿಲ್ಲದೆ ಒಳಚರಂಡಿಗೆ, ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದೂ ಅಪರಾಧವಾಯಿತು. ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದೇ ಕೋರ್ಟು ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಏರಿಸಬೇಕಾಯಿತು ಅಂದರೆ ಸಾಯುವುದು ನಿಂತಿರಲಿಲ್ಲ ಅಂತಲೇ ಅರ್ಥ. ಇದು ನಡೆಯುವುದು ಹೇಗೆ? ಬಾಯಿಮಾತಿನ ಆದೇಶದಿಂದ. ಕಾಗದದಲ್ಲಿ ‘ಇಳಿಯಬಾರದು’ ಅಂತ ಬರೆದಿರುತ್ತಾರೆ, ಬಾಯಲ್ಲಿ ‘ಇಳಿಯೋ’ ಅನ್ನುತ್ತಾರೆ. ಇಳಿದವನು ಸತ್ತರೆ ಕಾಗದ ತೋರಿಸುತ್ತಾರೆ. ಬರೆದು ಸಹಿ ಹಾಕಲು ಹೆದರುವ ಆದೇಶವನ್ನು ಬಾಯಲ್ಲಿ ಹೇಳುವವನು ನಾಯಕನಲ್ಲ, ಕೊಲೆಯ ಪಾಲುದಾರ.

ಇದರ ಮೇಲೆ ಸನ್ಮಾನದ ನಾಟಕ ಬೇರೆ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಅಂತ ಶಾಲು ಹೊದಿಸುತ್ತಾರೆ. 2019ರ ಫೆಬ್ರವರಿಯಲ್ಲಿ ಪ್ರಯಾಗದ ಕುಂಭಮೇಳದಲ್ಲಿ ಪ್ರಧಾನಿಯೇ ಸಫಾಯಿ ಕೆಲಸದವರ ಕಾಲು ತೊಳೆದರು. ಕಾಲು ತೊಳೆಯುವುದು ಬೇಡ ಸ್ವಾಮಿ, ಕಾಲಿಗೆ ಬೂಟು ಕೊಡಿ. ಶಾಲು ಬೇಡ, ಬೀದಿ ಗುಡಿಸುವ ಹೆಣ್ಣುಮಗಳು ಉಚ್ಚೆ ಹುಯ್ಯೋದಕ್ಕೆ ಒಂದು ಮರೆ ಕೊಡಿ. ಪೂಜೆ ಮಾಡಿಸಿಕೊಂಡವರಿಗೆ ಪಗಾರ ಕೇಳುವ ಬಾಯಿ ಇರಬಾರದು ಅನ್ನುವುದು ಹಳೆಯ ಹುನ್ನಾರ.

ಹಳ್ಳಿಯ ಮೇಷ್ಟ್ರುಗಳೇ, ಇದು ನಗರದ ಕತೆ ಅಂತ ಪುಟ ತಿರುವಬೇಡಿ. ಶಾಲೆಯೂ ದುಡಿಯುವ ಜಾಗವೇ, ಹೆಡ್‌ಮಾಸ್ತರೂ ಒಬ್ಬ ನಾಯಕನೇ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ್ದು ನಾಡಿಗೆಲ್ಲ ಗೊತ್ತಾಯಿತು. ಅಕ್ಷರ ಕಲಿಯಲು ಬಂದ ದಲಿತ ಮಕ್ಕಳಿಗೆ ಅಲ್ಲಿ ಕಲಿಸಿದ್ದು ಅವರ ತಾತನ ಕಸುಬು. ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. ಆದರೂ ‘ಅವಳು ಮುಟ್ಟಿದ್ದು ನಮ್ಮ ಮಕ್ಕಳು ತಿನ್ನಲ್ಲ’ ಅಂತ ಊರವರು ಶಾಲೆಯ ಮುಂದೆ ಬಂದು ನಿಲ್ಲುತ್ತಾರೆ. ಆಗ ಹೆಡ್‌ಮಾಸ್ತರು ಮಾಡುವುದೇನು? ‘ಊರಿನ ಶಾಂತಿಗೋಸ್ಕರ’ ಅಂತ ಅಡುಗೆಯವಳನ್ನು ಪಾತ್ರೆ ತೊಳೆಯಲು ಕಳಿಸುವವನು ಒಬ್ಬ. ಪಂಕ್ತಿಯ ಮೊದಲಲ್ಲಿ ತಾನೇ ತಟ್ಟೆ ಹಿಡಿದು ಕೂತು, ‘ಹಾಕವ್ವಾ’ ಅನ್ನುವವನು ಇನ್ನೊಬ್ಬ. ಈ ಎರಡನೆಯವನು ಭಾಷಣ ಮಾಡಬೇಕಾಗಿಲ್ಲ, ಅವನ ಒಂದು ತುತ್ತೇ ಸಾಕು. ಒಳ್ಳೆಯ ನಾಯಕತ್ವ ಅಂದರೆ ಕೆಳಗಿನವರಿಗೆ ಬರುವ ಏಟನ್ನು ಮೊದಲು ತನ್ನ ಮೈಮೇಲೆ ತೆಗೆದುಕೊಳ್ಳುವುದು.

ಇನ್ನೊಂದು ಗುಣವೂ ಬೇಕು. ತನ್ನ ಜೊತೆಯವರಿಗೇ ಕಹಿ ಸತ್ಯ ಹೇಳುವ ಎದೆಗಾರಿಕೆ. ಬೊಂಬಾಯಿಯ ಗಿರಣಿಗಳಲ್ಲಿ ಅಸ್ಪೃಶ್ಯರಿಗೆ ನೇಯ್ಗೆ ವಿಭಾಗದಲ್ಲಿ ಕೆಲಸ ಇರಲಿಲ್ಲ. ಅಲ್ಲಿ ಕೂಲಿ ಹೆಚ್ಚು. ಲಾಳಿಯ ದಾರವನ್ನು ಬಾಯಲ್ಲಿ ಎಳೆಯಬೇಕು, ಹೊಲೆಯನ ಎಂಜಲು ಮುಟ್ಟಿದ ಲಾಳಿಗೆ ನಾವು ಹೆಂಗೆ ಬಾಯಿ ಹಾಕೋದು ಅಂತ ತಡೆದವರು ಮಾಲೀಕರಲ್ಲ, ಜೊತೆಯ ಕೂಲಿಗಳು. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಇದನ್ನು ಎತ್ತಿ ಮುಂದಿಟ್ಟರು. 1938ರಲ್ಲಿ ಮನಮಾಡದ ರೈಲ್ವೆ ಕಾರ್ಮಿಕರ ಸಭೆಯಲ್ಲಿ, ದುಡಿಯುವವನಿಗೆ ಶತ್ರು ಎರಡು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಅಂದರು. ಅದೇ ವರ್ಷ ನವೆಂಬರ್ 7ರಂದು ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಕಮ್ಯುನಿಸ್ಟರ ಜೊತೆ ಸೇರಿ ಮುಷ್ಕರಕ್ಕೆ ಇಳಿದರು. ಒಗ್ಗಟ್ಟಿನ ಹೆಸರಲ್ಲಿ ಜಾತಿಯನ್ನು ಮುಚ್ಚಲಿಲ್ಲ, ಜಾತಿಯ ನೋವಿನ ಹೆಸರಲ್ಲಿ ಒಗ್ಗಟ್ಟನ್ನೂ ಒಡೆಯಲಿಲ್ಲ.

‘ನಾಯಕನಿಲ್ಲದೆ ಜನ ಕುರಿಮಂದೆ’ ಅನ್ನುವವರಿಗೂ ಉತ್ತರವಿದೆ. 1930ರಲ್ಲಿ ಕೆ.ಜಿ.ಎಫ್.ನ ಗಣಿ ಕಾರ್ಮಿಕರು, ಬಹುಪಾಲು ಆದಿದ್ರಾವಿಡರು, ಬೆರಳಚ್ಚಿನ ನೋಂದಣಿಯ ವಿರುದ್ಧ ಕೆಲಸ ನಿಲ್ಲಿಸಿದರು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಪಿ.ಎಫ್. ಹಣಕ್ಕೆ 58 ವರ್ಷದವರೆಗೆ ಬೀಗ ಹಾಕುವ ನಿಯಮದ ವಿರುದ್ಧ ಹೆದ್ದಾರಿಗೆ ಇಳಿದರು. ಯಾವ ದೊಡ್ಡ ಹೆಸರೂ ಅವರನ್ನು ಕರೆದಿರಲಿಲ್ಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಅವರಲ್ಲಿ ನಾಯಕರು ಇರಲಿಲ್ಲವೇ? ಇದ್ದರು. ಮೊದಲು ಮಿಷನ್ ಆಫ್ ಮಾಡಿ ಎದ್ದವಳು ನಾಯಕಿ. ‘ಬಾರೆ’ ಅಂತ ಪಕ್ಕದವಳ ಕೈ ಹಿಡಿದವಳು ನಾಯಕಿ. ಪೇಪರಿನಲ್ಲಿ ಫೋಟೋ ಬರಲಿಲ್ಲ, ಅಷ್ಟೆ.

ಆದರೆ ಎದ್ದು ನಿಲ್ಲುವುದು ಒಂದು, ನಿಂತೇ ಇರುವುದು ಇನ್ನೊಂದು. ಜನ ಮನೆಗೆ ಹೋದ ಮೇಲೆ ಅದೇ ಸೂಪರ್‌ವೈಸರು, ಅದೇ ಟಾರ್ಗೆಟ್ಟು, ಅದೇ ಬೈಗುಳ. ಅದಕ್ಕೇ ಸಂಘ ಬೇಕು. 2022ರ ಜುಲೈ ಮೊದಲ ವಾರ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ನಾಲ್ಕು ದಿನಕ್ಕೆ ಸರ್ಕಾರ ಕಾಯಂ ಮಾಡುವ ಭರವಸೆ ಕೊಟ್ಟಿತು. ಭರವಸೆ ಕಾಗದವಾಗಿ, ಅಂದಿನ ಬಿಬಿಎಂಪಿಯ 12,000ಕ್ಕೂ ಹೆಚ್ಚು ಜನರ ಕೈಗೆ ಬಂದದ್ದು 2025ರ ಮೇ 1ರಂದು. ನಡುವಿನ ಮೂರು ವರ್ಷ ಬೆನ್ನುಬಿಡದೆ ಕೇಳಿದ್ದು ಸಂಘಟನೆ.

ಸಂಘ ಅಂದ ಮೇಲೆ ನಮ್ಮ ಸಂಘಗಳ ಮಾತನ್ನೂ ಆಡಬೇಕು. ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಮುಂದಾಳಿಗೆ ಇಟ್ಟ ಹೆಸರು ಅಧ್ಯಕ್ಷ ಅಲ್ಲ, ಸಂಚಾಲಕ. ಭದ್ರಾವತಿಯ ಕಾಲೇಜಿನ ಮೇಷ್ಟ್ರು ಬಿ. ಕೃಷ್ಣಪ್ಪನವರು ಹೊತ್ತದ್ದು ಆ ಹೆಸರು. ಅಧ್ಯಕ್ಷನಿಗೆ ಕುರ್ಚಿ ಬೇಕು, ಸಂಚಾಲಕನಿಗೆ ಕಾಲು ಬೇಕು. ಇವತ್ತು ಒಂದು ಸಮಿತಿ ಹಲವು ಬಣವಾಗಿದೆ, ಬಣಕ್ಕೊಬ್ಬ ರಾಜ್ಯ ಸಂಚಾಲಕ, ಸಂಚಾಲಕನಿಗೊಂದು ಫ್ಲೆಕ್ಸು. ಪೊರಕೆ ಹಿಡಿದವರಲ್ಲಿ ಹೆಂಗಸರೇ ಹೆಚ್ಚು, ವೇದಿಕೆ ಮೇಲೆ ಗಂಡಸರೇ ಹೆಚ್ಚು. ಧಣಿಗೆ ಕೇಳುವ ಪ್ರಶ್ನೆಯನ್ನು ನಮ್ಮ ಮುಂದಾಳಿಗೆ ಕೇಳದಿದ್ದರೆ, ನಾವು ಧಣಿಯನ್ನು ಬದಲಾಯಿಸಿಕೊಂಡೆವೇ ಹೊರತು ಬಿಡುಗಡೆಯಾಗಲಿಲ್ಲ.

ಆದ್ದರಿಂದ ಗೆಳೆಯರೆ, ಆಫೀಸರಾಗಲಿ, ಮೇಸ್ತ್ರಿಯಾಗಲಿ, ಹೆಡ್‌ಮಾಸ್ತರಾಗಲಿ, ನಮ್ಮದೇ ಸಂಘದ ಮುಂದಾಳಾಗಲಿ, ಈ ಪ್ರಶ್ನೆಗಳನ್ನು ಮುಖಕ್ಕೆ ಹಿಡಿಯಿರಿ. ನೀನು ಬಾಯಲ್ಲಿ ಹೇಳಿದ್ದನ್ನು ಬರೆದು ಸಹಿ ಹಾಕುತ್ತೀಯಾ? ನಮ್ಮನ್ನು ಕಳಿಸುವ ಜಾಗಕ್ಕೆ ನೀನು ಒಂದು ದಿನ ಬರುತ್ತೀಯಾ? ನಮ್ಮ ಹಾಜರಿ, ನಮ್ಮ ಲೆಕ್ಕ ನಮಗೆ ತೋರಿಸುತ್ತೀಯಾ? ನಿನ್ನನ್ನು ಇಳಿಸುವ ಹಕ್ಕು ನಮಗೆ ಇದೆಯಾ?

ಕೊನೆಯ ಪ್ರಶ್ನೆಗೆ ‘ಇಲ್ಲ’ ಅಂದವನು ಎಷ್ಟೇ ಮೆತ್ತಗೆ ಮಾತಾಡಲಿ, ಅವನು ಯಜಮಾನ. ‘ಇದೆ’ ಅಂದವನ ಜೊತೆ ನಾವು ನಡೆಯುತ್ತೇವೆ, ಹಿಂದೆ ಅಲ್ಲ, ಪಕ್ಕದಲ್ಲಿ. ನಮ್ಮ ತಾತಂದಿರು ಹೆಬ್ಬೆಟ್ಟು ಒತ್ತಿ ಜೀತಕ್ಕೆ ಹೋದರು. ನಮಗೀಗ ಅಕ್ಷರ ಬಂದಿದೆ. ಹಾಜರಿ ಪುಸ್ತಕವನ್ನು ಇತ್ತ ಕೊಡಿ, ನಾವೇ ಓದಿ ನೋಡುತ್ತೇವೆ.