ಗಡಗಳಿಗೆ ಮನ್ನಣೆ, ಕೃತಜ್ಞತೆ ಯಾರಿಗೆ?

ಮರಾಠರ ಹನ್ನೆರಡು ಕೋಟೆಗಳನ್ನು ಯುನೆಸ್ಕೋ ಸಂಸ್ಥೆಯು 2025ರ ಜುಲೈ 11ರಂದು ವಿಶ್ವ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದ ಸಂಗತಿಯನ್ನು ವಾಚಕರು ಬಲ್ಲರು. ಹನ್ನೊಂದು ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಈ ಮನ್ನಣೆಯನ್ನು ಮುಂಬಯಿ-ಪುಣೆಗಳ ಚಾರಣಿಗರು ತಮಗೇ ಸಂದ ಗೌರವವೆಂದು ಭಾವಿಸಿ ಸಂಭ್ರಮಪಟ್ಟರೆ ಅದನ್ನು ಅತಿಯೆನ್ನಲಾಗದು. ಪಟ್ಟಿಯ ಮಾತೇ ಇಲ್ಲದಿದ್ದ ಕಾಲದಲ್ಲಿ ಆದಿತ್ಯವಾರದ ವಿಶ್ರಾಂತಿಯನ್ನು ತೊರೆದು, ಗುದ್ದಲಿ-ಬುಟ್ಟಿ ಹೊತ್ತು ಗಡವೇರಿ, ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳ ಹೂಳೆತ್ತಿದವರು ಅವರು. 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಲವಾಡಿಯ ಮೇಲೆ ಗುಡ್ಡ ಕುಸಿದಾಗ, ವಾಹನ ಹೋಗಲಾರದ ಆ ಏರಿನಲ್ಲಿ ಮಳೆ ಕತ್ತಲೆಗಳನ್ನು ಲೆಕ್ಕಿಸದೆ ಹತ್ತಿದವರಲ್ಲಿಯೂ ಚಾರಣಿಗರಿದ್ದರು. ಅವರನ್ನು ನಾವು ಹೃತ್ಪೂರ್ವಕವಾಗಿ ಅಭಿನಂದಿಸುತ್ತೇವೆ.

ಆದರೆ ಇಂತಹ ಸಂದರ್ಭಗಳ ವಂದನಾರ್ಪಣೆಯಲ್ಲಿ ಸಾಮಾನ್ಯವಾಗಿ ಮಂತ್ರಿಗಳ, ಅಧಿಕಾರಿಗಳ, ದಾನಿಗಳ ಹೆಸರುಗಳು ಮುಗಿಯುವಷ್ಟರಲ್ಲಿ ಸಭೆಯ ಹೊತ್ತೂ ಮುಗಿದಿರುತ್ತದೆ. ಗಡದ ಬುಡದ ಹಳ್ಳಿಯವರ ಸರದಿ ಬರುವುದೇ ಇಲ್ಲ. ದಾರಿ ತಪ್ಪಿದವನನ್ನು ಹುಡುಕಲು ಕಂದೀಲು ಹಿಡಿದು ಹೊರಡುವವನು ಅಲ್ಲಿಯ ದನಗಾಹಿ. ಅಪರಾತ್ರಿಯಲ್ಲಿ ಬಂದ ಅಪರಿಚಿತರಿಗೆ ಒಲೆ ಹೊತ್ತಿಸಿ ಪಿಠಲೆ-ಭಾಕರಿ ಬಡಿಸುವವಳು ಅಲ್ಲಿಯ ಗೃಹಿಣಿ. ಆಕೆಯೊಡನೆ ನಾಲ್ಕು ರೂಪಾಯಿಗೆ ಚೌಕಾಸಿ ಮಾಡುವ ಪಟ್ಟಣಿಗರೂ ಉಂಟು! ತಟ್ಟೆಯೊಂದರ ಹಿಂದಿರುವ ಹಿಟ್ಟು, ಸೌದೆ, ನೀರು, ನಿದ್ದೆಗೇಡುಗಳ ಲೆಕ್ಕವನ್ನು ಹೋಟೆಲು ಕಸುಬಿನಲ್ಲಿ ಬೆಂದ ನಮಗೆ ಇತರರು ಹೇಳಿಕೊಡಬೇಕಾಗಿಲ್ಲ. ಆದುದರಿಂದ ವಾರದ ರಜೆಯಲ್ಲಿ ಗಡವೇರುವ ನಮ್ಮ ಬಂಧುಗಳಾದರೂ ಕೇಳಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು ಬರಲಿ.

ಮನ್ನಣೆಯ ಬೆನ್ನಿಗೇ ಜನಜಂಗುಳಿಯೂ ಬರುವುದು. ಪಟ್ಟಿಗೆ ಸೇರುವ ಮೊದಲೇ, 2023ರ ಜುಲೈಯ ಒಂದು ಆದಿತ್ಯವಾರ, ಲೋಹಗಡದ ಮೆಟ್ಟಿಲುಗಳಲ್ಲಿ ಸಹಸ್ರಾರು ಜನರು ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ಗಂಟೆಗಟ್ಟಲೆ ಸಿಕ್ಕಿಬಿದ್ದಿದ್ದರು. ಮಳವಲಿ ನಿಲ್ದಾಣದಿಂದ ನಡೆದೇ ತಲಪಬಹುದಾದ ಗಡಕ್ಕೆ ಈ ಅವಸ್ಥೆ! ಹನ್ನೆರಡರಲ್ಲಿ ಎಂಟು ಕೋಟೆಗಳು ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ, ನಾಲ್ಕು ಮಹಾರಾಷ್ಟ್ರ ಸರ್ಕಾರದ ಇಲಾಖೆಗೆ ಸೇರಿವೆ. ಮಳೆಗಾಲದ ರಜಾದಿನಗಳಲ್ಲಿ ಏರುವವರ ಸಂಖ್ಯೆಗೆ ಮಿತಿ ಹಾಕುವುದು ಈ ಎರಡೂ ಇಲಾಖೆಗಳ ಹೊಣೆ. ಕಾವಲಿಗೂ ದಾರಿ ತೋರುವ ಕೆಲಸಕ್ಕೂ ಬುಡದ ಹಳ್ಳಿಗಳ ತರುಣರನ್ನೇ ಸಂಬಳ ಕೊಟ್ಟು ನೇಮಿಸಿಕೊಂಡರೆ, ಅವರು ಪಟ್ಟಣದ ಹೋಟೆಲುಗಳ ಬಾಗಿಲಲ್ಲಿ ಕೆಲಸ ಬೇಡುತ್ತ ನಿಲ್ಲುವುದಾದರೂ ತಪ್ಪೀತು. ಊರು ಬಿಟ್ಟು ಬರುವುದೆಂದರೇನೆಂಬುದು ನಮಗೆ ತಿಳಿಯದ ವಿಷಯವಲ್ಲ.

ಈ ಗಡಗಳು ಕನ್ನಡಿಗರಿಗೆ ಪರಕೀಯವೂ ಅಲ್ಲ. ಪನ್ಹಾಳದಿಂದ ಆಳಿದ ಶಿಲಾಹಾರರು ಕನ್ನಡದಲ್ಲಿಯೂ ಶಾಸನಗಳನ್ನು ಬರೆಸಿದವರು. ಜಿಂಜಿಯ ನಾಯಕರು ಮೊದಲಿಗೆ ವಿಜಯನಗರದ ಅಧೀನರಾಗಿದ್ದವರು. ಮದರಾಸಿನ ನಮ್ಮ ವಾಚಕರು ಒಂದು ರಜೆಯಲ್ಲಿ ಜಿಂಜಿಗೆ ಹೋಗಿ ಬರಲಿ. ಊಟದ ಬುತ್ತಿಯ ಕಾಗದವನ್ನೂ ನೀರಿನ ಬಾಟಲಿಯನ್ನೂ ಚೀಲದಲ್ಲಿಯೇ ಹಿಂದಕ್ಕೆ ತರಲಿ.