ವಾರದ ಪಾಠವೂ ಒಂದು ಶಾಸನವೂ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಿ, ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪರೀಕ್ಷೆಗೆ ಕೂರಿಸುವ ಕುಟುಂಬಗಳು ನಮ್ಮ ನಗರಗಳಲ್ಲಿ ಇವೆ. ಅಂಥ ಕೆಲವು ಪೋಷಕರು ಈಚೆಗೆ ತಮ್ಮ ಮಕ್ಕಳ ವಾರದ ಪಾಠಪಟ್ಟಿಯನ್ನು ನನ್ನ ಮುಂದಿಟ್ಟು ಅಭಿಪ್ರಾಯ ಕೇಳಿದರು. ಸೋಮವಾರ ಸಾಹಿತ್ಯ, ಮಂಗಳವಾರ ಇತಿಹಾಸ, ಬುಧವಾರ ರಾಜ್ಯಾಡಳಿತ; ಉಳಿದ ಮೂರು ದಿನ ಪರೀಕ್ಷಾ ಸಿದ್ಧತೆ. ಪಟ್ಟಿ ಅಚ್ಚುಕಟ್ಟಾಗಿತ್ತು. ಆದರೆ ಶಾಲೆಯ ಗೋಡೆಗಳನ್ನು ಬಿಟ್ಟು ಬಂದವರು ಶಾಲೆಯ ವೇಳಾಪಟ್ಟಿಯನ್ನು ಹಾಗೆಯೇ ಮನೆಗೆ ಹೊತ್ತು ತಂದಿದ್ದಾರಲ್ಲ ಎನಿಸಿತು. ಗೋಡೆಯಿಲ್ಲದ ಕಡೆ ಸಾಹಿತ್ಯಕ್ಕೂ ಇತಿಹಾಸಕ್ಕೂ ನಡುವೆ ಮತ್ತೆ ಗೋಡೆ ಏಕೆ?

ನಾನು ಅವರಿಗೆ ಸೂಚಿಸಿದ್ದು ಇಷ್ಟೆ: ವಾರಕ್ಕೆ ಮೂರು ವಿಷಯಗಳು ಬೇಡ, ಒಂದೇ ಪಠ್ಯ ಸಾಕು. ಉದಾಹರಣೆಗೆ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ವಿಜಯನಗರದ ಒಂದನೆಯ ಬುಕ್ಕರಾಯನ ಶಾಸನ. ಶಕವರ್ಷ 1290, ಎಂದರೆ ಕ್ರಿ.ಶ. 1368ರದು. ಬಿ. ಎಲ್. ರೈಸ್ ಅವರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಹೊರತಂದರು; ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದರು. ಹೀಗಾಗಿ ಪಾಠ ಯಾರಿಗೂ ದುರ್ಲಭವಲ್ಲ. ಕೆಲವೇ ಸಾಲುಗಳ ಈ ಬರಹ ಏಕಕಾಲಕ್ಕೆ ಗದ್ಯಸಾಹಿತ್ಯ, ಇತಿಹಾಸದ ಆಕರ, ಸರ್ಕಾರಿ ಆದೇಶ.

ಪರೀಕ್ಷೆ ಈ ಶಾಸನದ ಬಗ್ಗೆ ಏನು ಕೇಳುತ್ತದೆಂಬುದು ನಮಗೆಲ್ಲ ಗೊತ್ತು. ಅದು ಯಾವ ವರ್ಷದ್ದು, ಹೊರಡಿಸಿದ ಅರಸ ಯಾರು ಎಂದು ಕೇಳಿ ನಾಲ್ಕು ಆಯ್ಕೆಗಳನ್ನು ಕೊಡುತ್ತದೆ. ಕಲ್ಲಿನ ಒಂದು ಸಾಲನ್ನೂ ಓದದವನು ಇದಕ್ಕೆ ಪೂರ್ಣಾಂಕ ಪಡೆಯಬಹುದು. ವಿವರಣಾತ್ಮಕ ಪ್ರಶ್ನೆಯಾದರೆ ‘ಸರ್ವಧರ್ಮ ಸಮನ್ವಯಕ್ಕೆ ಸಾಕ್ಷಿ’ ಎಂಬ ಸಿದ್ಧವಾಕ್ಯ ಹೇಗೂ ಇದೆ. ಆ ವಾಕ್ಯ ಸುಳ್ಳಲ್ಲ. ಆದರೆ ಅದು ಓದನ್ನು ಆರಂಭದಲ್ಲೇ ಮುಗಿಸಿಬಿಡುತ್ತದೆ.

ಓದಿದ ಮಗುವಿಗೆ ಬೇರೆಯದೇ ಪ್ರಶ್ನೆಗಳು ಹುಟ್ಟುತ್ತವೆ. ಜೈನರಿಗೆ ರಕ್ಷಣೆ ನೀಡುವ ಈ ಶಾಸನ ತೆರೆಯುವುದು ರಾಮಾನುಜರ ಸ್ತುತಿಯಿಂದ. ಆ ಸ್ತುತಿ ಅವರನ್ನು ಪಾಷಂಡಿಗಳೆಂಬ ಸಮುದ್ರಕ್ಕೆ ಬಡಬಾಗ್ನಿಯೆಂದು ಕೊಂಡಾಡುತ್ತದೆ. ಹಾಗಾದರೆ ಆ ಪಾಷಂಡಿಗಳು ಯಾರು? ಮುಂದೆ, ಭಕ್ತರಿಂದ ತಮಗಾದ ಅನ್ಯಾಯವನ್ನು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು ಅರಸನಲ್ಲಿ ಬಿನ್ನವಿಸಿಕೊಳ್ಳುತ್ತಾರೆ. ಅರಸನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆನ್ನುತ್ತಾನೆ. ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೆ ಮೊದಲಿನಂತೆ ಸಲ್ಲಬೇಕು. ಜೈನದರ್ಶನಕ್ಕೆ ಭಕ್ತರಿಂದ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿಯೆಂದು ಭಾವಿಸಬೇಕು. ಅಷ್ಟಕ್ಕೇ ಶಾಸನ ನಿಲ್ಲುವುದಿಲ್ಲ. ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು, ತಿರುಮಲೆಯ ತಾತಯ್ಯ ಅದನ್ನು ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇರಿಸಬೇಕು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸಬೇಕು.

ಅನ್ಯಾಯಕ್ಕೊಳಗಾದವರೇ ಕಾವಲಿನ ವೆಚ್ಚವನ್ನು ಏಕೆ ಹೊರಬೇಕು? ಹಣ ಎತ್ತುವ ಅಧಿಕಾರ ಎದುರು ಪಕ್ಷದವರ ಕೈಗೆ ಹೋದದ್ದು ಅವಮಾನವೋ, ಅಥವಾ ಬಲಿಷ್ಠರನ್ನೇ ಹೊಣೆಗಾರರನ್ನಾಗಿಸಿದ ರಾಜನೀತಿಯೋ? ಇದಕ್ಕೆ ನನ್ನಲ್ಲಿಯೂ ಒಂದೇ ಉತ್ತರವಿಲ್ಲ. ಜೈನನಾಗಿ ಈ ಸಾಲುಗಳನ್ನು ಓದುವಾಗ ಕೃತಜ್ಞತೆಯೂ ಕಸಿವಿಸಿಯೂ ಒಟ್ಟಿಗೇ ಆಗುತ್ತವೆ. ಆ ಎರಡನ್ನೂ ವಿದ್ಯಾರ್ಥಿಯ ಮುಂದೆ ಇಡಬಲ್ಲ ಪಾಠವೇ ಪಾಠ.

ರಾಜ್ಯಾಡಳಿತದ ಪಾಠವೂ ಇಲ್ಲಿಂದಲೇ ಹೊರಡಬಹುದು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನೆಡಬೇಕೆಂದು ಆಜ್ಞೆಯಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಅದರ ಪ್ರತಿ ದೊರೆತಿದೆ. ಆದೇಶವೊಂದು ರಾಜಧಾನಿಯಿಂದ ಹಳ್ಳಿಗೆ ತಲುಪುವ ಬಗೆಯನ್ನು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಬಳಿಕ ಸಂವಿಧಾನದ 25ರಿಂದ 28ರವರೆಗಿನ ವಿಧಿಗಳನ್ನು ತೆಗೆದಿಟ್ಟು ಹೋಲಿಸಲಿ. ಬುಕ್ಕರಾಯ ಕೊಟ್ಟದ್ದು ಅಭಯ, ಸಂವಿಧಾನ ಕೊಟ್ಟದ್ದು ಹಕ್ಕು. ಅಭಯಕ್ಕೆ ಅರಸನ ಮನಸ್ಸೂ ಬಹುಸಂಖ್ಯಾತರ ಅಂತಃಕರಣವೂ ಆಧಾರ. ಹಕ್ಕಿಗೆ ಚ್ಯುತಿ ಬಂದರೆ 32ನೆಯ ವಿಧಿಯನ್ವಯ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನೇ ತಟ್ಟಬಹುದು. ಈ ವ್ಯತ್ಯಾಸವನ್ನು ಶಾಸನದ ಮೂಲಕ ಕಂಡುಕೊಂಡ ವಿದ್ಯಾರ್ಥಿ ಅದನ್ನು ಮರೆಯಲಾರ.

ಪರೀಕ್ಷೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮನೆಯಲ್ಲಿ ಓದಿದ ಮಗುವಿಗೆ ಮುಂದಿನ ಬಾಗಿಲು ತೆರೆಯುವುದು ಪ್ರಮಾಣಪತ್ರವೇ. ನಾನೂ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ನೆಟ್ ಪರೀಕ್ಷೆಗೆ ಸಿದ್ಧಪಡಿಸಿದವನೇ. ಕವಿ, ಕಾಲ, ಆಶ್ರಯದಾತರ ಪಟ್ಟಿಗಳನ್ನು ಉಸಿರು ಹಿಡಿದು ಒಪ್ಪಿಸುವವರು ಹಳಗನ್ನಡದ ಒಂದು ಕಂದಪದ್ಯವನ್ನು ಬಿಡಿಸಲಾರದೆ ನಿಂತಾಗ, ಅವರಿಗೆ ಆ ಪಟ್ಟಿಗಳನ್ನು ಕೊಟ್ಟವನು ನಾನೇ ಎಂಬುದು ನೆನಪಾಗಿ ನಾಚಿದ್ದೇನೆ. ದೋಷ ಪರೀಕ್ಷೆಯದಷ್ಟೇ ಅಲ್ಲ, ಕ್ರಮದ್ದು.

ಕ್ರಮದ ವಿಚಾರದಲ್ಲಿ ನಮ್ಮ ಪರಂಪರೆ ಸ್ಪಷ್ಟವಾಗಿದೆ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯದ ಐದು ಬಗೆಗಳನ್ನು ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಎಂದರೆ ಓದುವುದು, ಕೇಳುವುದು, ಮನನ ಮಾಡುವುದು, ಶುದ್ಧವಾಗಿ ಮರಳಿ ಮರಳಿ ಪಠಿಸುವುದು, ಇತರರಿಗೆ ತಿಳಿಯಹೇಳುವುದು. ಕಂಠಪಾಠಕ್ಕೆ ಇಲ್ಲಿ ಸ್ಥಾನವಿಲ್ಲವೆಂದಲ್ಲ. ಅದು ಹೆಸರಾಗುವುದು ನಾಲ್ಕನೆಯದಾಗಿ, ಪ್ರಶ್ನೆಯೂ ಮನನವೂ ಆದ ಮೇಲೆ. ನಮ್ಮ ಪರೀಕ್ಷಾ ಸಿದ್ಧತೆ ಮೊದಲ ಮೂರನ್ನು ಹಾರಿ ನೇರವಾಗಿ ನಾಲ್ಕಕ್ಕೆ ಬರುತ್ತದೆ, ಐದನ್ನಂತೂ ಮುಟ್ಟುವುದೇ ಇಲ್ಲ.

ಆದ್ದರಿಂದ ಆ ಪೋಷಕರಿಗೆ ಐದು ದಿನಗಳ ಪಟ್ಟಿಯನ್ನು ಬರೆದುಕೊಟ್ಟೆ. ಮೊದಲ ದಿನ ಶಾಸನವನ್ನು ಗಟ್ಟಿಯಾಗಿ ಓದುವುದು. ಎರಡನೆಯ ದಿನ ಮಗು ಪ್ರಶ್ನೆಗಳನ್ನಷ್ಟೇ ಬರೆಯುವುದು, ಹಿರಿಯರು ಉತ್ತರ ಹೇಳಕೂಡದು. ಮೂರನೆಯ ದಿನ ಹುಡುಕಾಟ ಮತ್ತು ಹೋಲಿಕೆ. ನಾಲ್ಕನೆಯ ದಿನ ಇಸವಿ, ಹೆಸರು, ವಿಧಿಗಳ ನೆನಪು, ಹಳೆಯ ಪ್ರಶ್ನೆಪತ್ರಿಕೆ. ಐದನೆಯ ದಿನ ಮನೆಯ ಅಜ್ಜಿಗೋ ತಮ್ಮನಿಗೋ ತಾನು ತಿಳಿದದ್ದನ್ನು ಹೇಳುವುದು. ‘ಹಾಗಾದರೆ ಪರೀಕ್ಷೆಗೆ ಒಂದೇ ದಿನವೇ?’ ಎಂದು ಒಬ್ಬ ತಾಯಿ ಆತಂಕದಿಂದ ಕೇಳಿದರು. ಓದಿದ್ದಾದರೆ ಒಂದು ದಿನ ಸಾಕು. ಓದದಿದ್ದರೆ ಆರು ದಿನವೂ ಸಾಲದು ಎಂದೆ. ನನ್ನ ಕಾಲೇಜಿನ ತರಗತಿಗೂ ಇದೇ ಪಟ್ಟಿಯನ್ನು ಈ ವರ್ಷ ಅನ್ವಯಿಸಬೇಕೆಂದಿದ್ದೇನೆ. ಅನ್ಯರಿಗೆ ಹೇಳಿ ತಾನು ಮಾಡದಿದ್ದರೆ ಅದು ಸ್ವಾಧ್ಯಾಯವಾಗದು.