ಲಿಥಿಯಂ ಬ್ಯಾಟರಿ: ಕೊಳ್ಳುವಾಗಲೂ ಎಚ್ಚರ, ಚಾರ್ಜ್ ಮಾಡುವಾಗಲೂ ಎಚ್ಚರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ತಂಬಾಕು ಕೊಯ್ಲಿಗೆ ಬಂತೆಂದರೆ ಬ್ಯಾರನ್‌ಗಳ ಮುಂದೆ ರಾತ್ರಿ ಕಾವಲು ಶುರುವಾಗುತ್ತದೆ. ಒಲೆಗೆ ಸೌದೆ ಹಾಕುತ್ತ ಕೂರುವವರ ಪಕ್ಕದಲ್ಲಿ ಹಿಂದೆ ಲಾಟೀನು ಇರುತ್ತಿತ್ತು. ಈಗ ಚಾರ್ಜ್ ಮಾಡುವ ಟಾರ್ಚು, ಮೊಬೈಲು, ಪವರ್ ಬ್ಯಾಂಕು ಇರುತ್ತವೆ. ಕಾಡಂಚಿನ ಹೊಲಗಳಲ್ಲಿ ಆನೆ ಕಾಯುವವರದೂ ಇದೇ ಸಾಮಗ್ರಿ. ಇವುಗಳಲ್ಲಿ ಬಹುಪಾಲು ನಡೆಯುವುದು ಒಂದೇ ಬಗೆಯ ವಿದ್ಯುತ್ಕೋಶದಿಂದ. ಅದೇ ಲಿಥಿಯಂ ಅಯಾನ್ ಕೋಶ.

ಜಪಾನಿನ ಸೋನಿ ಕಂಪನಿ ಇದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಸಂಶೋಧನೆಗಾಗಿ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಪಡೆದರು. ಆಗ ಗುಡ್‌ಇನಫ್ ಅವರಿಗೆ 97 ವರ್ಷ.

ಬೆರಳುದ್ದದ ಕೋಶದಲ್ಲಿ ಎಷ್ಟು ಶಕ್ತಿ?

ಟಾರ್ಚುಗಳಲ್ಲಿರುವ ಸಾಮಾನ್ಯ ಕೋಶದ ಹೆಸರು 18650. ಅಡ್ಡಳತೆ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್ ಎಂಬುದನ್ನೇ ಈ ಅಂಕಿ ಹೇಳುತ್ತದೆ. 2500 ಮಿಲಿ ಆಂಪಿಯರ್ ಗಂಟೆಯ ಕೋಶವೊಂದನ್ನು 3.6 ವೋಲ್ಟಿನಿಂದ ಗುಣಿಸಿದರೆ 9 ವ್ಯಾಟ್ ಗಂಟೆ, ಅಂದರೆ 32,400 ಜೂಲ್ ಶಕ್ತಿ ಸಿಗುತ್ತದೆ. 100 ಮಿಲಿಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಈ ಶಕ್ತಿ ಗಂಟೆಗಟ್ಟಲೆ ನಿಧಾನವಾಗಿ ಹರಿದರೆ ಬೆಳಕು. ಕೆಲವೇ ಕ್ಷಣಗಳಲ್ಲಿ ಹೊರಬಿದ್ದರೆ ಬೆಂಕಿ.

ಕೋಶದೊಳಗೆ ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಲಿಥಿಯಂ ಇರುವ ಲೋಹದ ಆಕ್ಸೈಡ್ ಇರುತ್ತವೆ. ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಇವೆಲ್ಲ ನೆಂದಿರುವುದು ಬೇಗ ಹೊತ್ತಿಕೊಳ್ಳುವ ದ್ರವದಲ್ಲಿ. ಪೆಟ್ಟು, ಅತಿಯಾದ ಕಾವು ಅಥವಾ ಮಿತಿಮೀರಿದ ಚಾರ್ಜಿನಿಂದ ಆ ಪೊರೆ ಹಾಳಾದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕಾವು ಏರಿದಂತೆ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಕ್ರಿಯೆ ಚುರುಕಾದಂತೆ ಕಾವು ಮತ್ತೂ ಏರುತ್ತದೆ. ಈ ಸರಪಳಿಗೆ ತಡೆ ಇಲ್ಲದಾದಾಗ ಕೋಶ ಉಬ್ಬಿ, ಸಿಡಿದು, ಉರಿಯುತ್ತದೆ.

ಲಿಥಿಯಂ ಕೋಶವನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ ಚಾರ್ಜ್ ಮಾಡಬಾರದು. ಬ್ಯಾರನ್ ಒಳಗೆ ಎಲೆಯ ನಡುದಂಟು ಒಣಗಿಸುವ ಕೊನೆಯ ಹಂತದಲ್ಲಿ ಕಾವು ಸುಮಾರು 70 ಡಿಗ್ರಿ ಮುಟ್ಟುತ್ತದೆ. ಹಾಗಿರುವಾಗ ಬ್ಯಾರನ್ ಗೋಡೆಯ ಮೊಳೆಗೆ ಮೊಬೈಲ್ ನೇತುಹಾಕಿ ಚಾರ್ಜ್ ಮಾಡುವುದು ಅಪಾಯವನ್ನು ಕರೆದು ಕೂರಿಸಿದಂತೆ. ದಿಂಬಿನಡಿ, ಕಂಬಳಿಯೊಳಗೆ ಇಟ್ಟು ಚಾರ್ಜ್ ಮಾಡುವುದೂ ಅಷ್ಟೇ. ಅಲ್ಲಿ ಹುಟ್ಟಿದ ಶಾಖ ಹೊರಹೋಗಲು ದಾರಿಯಿಲ್ಲ.

ಕೊಳ್ಳುವ ಮುನ್ನ

ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಸಿಗುವ ಕೆಲವು 18650 ಕೋಶಗಳ ಮೇಲೆ 9900 ಎಂದು ಅಚ್ಚಾಗಿರುತ್ತದೆ. ಇದು ಸುಳ್ಳು. ಒಳ್ಳೆಯ ಕಂಪನಿಯ ಕೋಶವೂ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಂಕಿ ದೊಡ್ಡದಾದಷ್ಟೂ ಅನುಮಾನವೂ ದೊಡ್ಡದಾಗಿರಲಿ.

ಬ್ಯಾಟರಿ, ಪವರ್ ಬ್ಯಾಂಕ್ ಮತ್ತು ಮೊಬೈಲ್ ಚಾರ್ಜರ್‌ಗಳಿಗೆ ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನಿಜವೋ ಸುಳ್ಳೋ ನೋಡಬಹುದು. ಚಾರ್ಜರ್ ವಿಚಾರದಲ್ಲಿ ಇದು ಜೀವದ ಪ್ರಶ್ನೆ. 230 ವೋಲ್ಟಿನ ಮನೆ ವಿದ್ಯುತ್ತನ್ನು 5 ವೋಲ್ಟಿಗೆ ಇಳಿಸುವಾಗ ಎರಡೂ ಭಾಗಗಳು ಒಂದಕ್ಕೊಂದು ತಗಲದಂತೆ ಒಳಗೆ ಅಂತರ ಇರಬೇಕು. ಕಳಪೆ ಚಾರ್ಜರ್‌ನಲ್ಲಿ ಈ ಅಂತರವನ್ನೇ ಉಳಿಸಿರುವುದಿಲ್ಲ. ಅದು ಕೈಕೊಟ್ಟರೆ 230 ವೋಲ್ಟು ನೇರವಾಗಿ ಫೋನ್ ಹಿಡಿದ ಕೈಗೇ ಬರುತ್ತದೆ.

ಬಿಡಿ ಕೋಶ ಬಳಸುವವರು ಲಿಥಿಯಂ ಕೋಶಕ್ಕೆಂದೇ ತಯಾರಾದ, 4.2 ವೋಲ್ಟ್ ಮೀರದ, ಚಾರ್ಜ್ ತುಂಬಿದ ಮೇಲೆ ತಾನೇ ನಿಲ್ಲುವ ಚಾರ್ಜರನ್ನೇ ಕೊಳ್ಳಬೇಕು. ಹಳೆಯ ನಿಕಲ್ ಬ್ಯಾಟರಿಯ ಚಾರ್ಜರ್ ಇದಕ್ಕೆ ಒಗ್ಗದು. ಬಿಡಿ ಕೋಶವನ್ನು ಬೀಗದ ಕೈ, ಚಿಲ್ಲರೆ ಕಾಸಿನ ಜೊತೆ ಜೇಬಿಗೆ ಹಾಕಬಾರದು. ಲೋಹ ಎರಡೂ ತುದಿಗೆ ತಗುಲಿದರೆ ಜೇಬಿನಲ್ಲೇ ಶಾರ್ಟ್ ಸರ್ಕ್ಯೂಟ್. ಉಬ್ಬಿದ, ಜಜ್ಜಿದ, ಮೇಲ್ಪದರ ಹರಿದ ಕೋಶವನ್ನು ಮತ್ತೆ ಬಳಸಬಾರದು. ಅದನ್ನು ಒಲೆಗಾಗಲಿ ತಿಪ್ಪೆಗಾಗಲಿ ಎಸೆಯದೆ, ತುದಿಗಳಿಗೆ ಟೇಪು ಸುತ್ತಿ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು.

ಪೆನ್ನಿನಂತೆ ಕಾಣುವ ವೇಪ್

ಪೋಷಕರು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಪೆನ್ನಿನಂತೆ, ಪೆನ್ ಡ್ರೈವ್‌ನಂತೆ ಕಾಣುವ, ಮೊಬೈಲ್ ಕೇಬಲ್ಲಿನಿಂದಲೇ ಚಾರ್ಜ್ ಆಗುವ ವೇಪ್ ಅಥವಾ ಇ-ಸಿಗರೇಟಿನಲ್ಲಿಯೂ ಲಿಥಿಯಂ ಕೋಶವೇ ಇದೆ. ಅದರ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ನಮ್ಮ ಹೊಲದ ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ನೇ. 2018ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವೇಪ್ ಸಿಡಿದು ವ್ಯಕ್ತಿಯೊಬ್ಬ ಸತ್ತ. ಕರ್ನಾಟಕ ಸರ್ಕಾರ ಇದನ್ನು 2016ರಲ್ಲೇ ನಿಷೇಧಿಸಿತ್ತು. 2019ರ ಕೇಂದ್ರ ಕಾಯ್ದೆಯ ಪ್ರಕಾರ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕದ್ದುಮುಚ್ಚಿ ಮಾರುವ ವಸ್ತುವಿಗೆ ಮಾನಕವೂ ಇಲ್ಲ, ಪರೀಕ್ಷೆಯೂ ಇಲ್ಲ. ಆದ್ದರಿಂದ ವೇಪ್‌ಗೆ ಯಾವ ಚಾರ್ಜರ್ ಸುರಕ್ಷಿತ ಎಂಬ ಪ್ರಶ್ನೆಗೆ ಅದನ್ನು ಮುಟ್ಟದಿರುವುದೇ ಉತ್ತರ. ಮಗನ ಚೀಲದಲ್ಲಿ ಅಂಥದ್ದು ಸಿಕ್ಕರೆ ಹೊಡೆಯುವ ಮೊದಲು ಕೂರಿಸಿಕೊಂಡು ಮಾತನಾಡುವುದು ಒಳ್ಳೆಯದು.

ಹೊತ್ತಿಕೊಂಡರೆ

ಮೊದಲು ಮೇನ್ ಸ್ವಿಚ್ ಆರಿಸಬೇಕು. ಹೊಗೆ ವಿಷಕಾರಿಯಾದ್ದರಿಂದ ಮಕ್ಕಳನ್ನು ಹೊರಗೆ ಕಳಿಸಬೇಕು. ವಿದ್ಯುತ್ ಸಂಪರ್ಕ ತಪ್ಪಿದ ಮೇಲೆ ಚಿಕ್ಕ ಬ್ಯಾಟರಿಯ ಬೆಂಕಿಗೆ ದೂರದಿಂದಲೇ ಧಾರಾಳವಾಗಿ ನೀರು ಸುರಿಯಬಹುದು. ನೀರಿನ ಮುಖ್ಯ ಕೆಲಸ ಕೋಶವನ್ನು ತಣಿಸುವುದು. ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳಬಹುದು. ಬರಿಗೈಯಲ್ಲಿ ಎತ್ತಬಾರದು. ಬೆಂಕಿ ಹಬ್ಬುವಂತಿದ್ದರೆ ಹೊರಬಂದು 112ಕ್ಕೆ ಕರೆ ಮಾಡಬೇಕು.

ವಿದ್ಯಾರ್ಥಿಗಳು ಈ ಭಾನುವಾರ ಒಂದು ಕೆಲಸ ಮಾಡಬಹುದು. ಮನೆಯಲ್ಲಿರುವ ಚಾರ್ಜರ್‌ಗಳನ್ನೆಲ್ಲ ಪ್ಲಗ್ಗಿನಿಂದ ತೆಗೆದು ಒಂದೆಡೆ ಇಟ್ಟು, ಹಿಂಬದಿಯ ಬರಹ ಓದಿ ಪಟ್ಟಿ ಮಾಡಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ: 5 ವೋಲ್ಟ್, 2 ಆಂಪಿಯರ್ ಇದ್ದರೆ 10 ವ್ಯಾಟ್. ನೋಂದಣಿ ಸಂಖ್ಯೆ ಇಲ್ಲದ್ದು, ವೈರು ಹರಿದದ್ದು, ಮುಟ್ಟಿದರೆ ಜುಮ್ಮೆನ್ನುವುದು ಯಾವುದೆಂದು ಅಪ್ಪ ಅಮ್ಮನಿಗೆ ತೋರಿಸಿ, ಅಂಥದ್ದನ್ನು ಆ ದಿನವೇ ಬಳಕೆಯಿಂದ ತೆಗೆಸಿ.